ವಿ-ಸಿಬಿಯೋ, ಗಾಮಾವೋ: ಬಿ ಮೆಸಾನಿನ ಯಾವ ಕ್ಷಯ ಹಿಡಿದು ಹೊರಡಬೇಕು?

ಕ್ವಾರ್ಕ್ ಮಿಶ್ರಣದ ಮೇಲೆ ಪ್ರಾಜೆಕ್ಟ್ ಅಥವಾ ಪಿಎಚ್‌ಡಿ ಶುರು ಮಾಡುವವರು ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಬಿ ಕ್ವಾರ್ಕ್ ಒಳಗಿರುವ ಬಿ ಮೆಸಾನ್ ನೂರಾರು ಬಗೆಯಲ್ಲಿ ಕ್ಷಯಿಸುತ್ತದೆ, ಅದರಲ್ಲಿ ಯಾವುದನ್ನು ಹಿಡಿದರೆ ಒಳ್ಳೆಯದು? ಗೈಡ್ ಒಂದು ಹೇಳುತ್ತಾರೆ, ಸೀನಿಯರ್ ಇನ್ನೊಂದು ಹೇಳುತ್ತಾರೆ. ಪೇಪರ್ ತೆರೆದರೆ ಪ್ರತಿಯೊಬ್ಬರೂ ತಮ್ಮ ದಾರಿಯೇ ಸರಿ ಅನ್ನುತ್ತಾರೆ. ನೀವು ಕ್ವಾಂಟಮ್ ಮೆಕ್ಯಾನಿಕ್ಸ್ ಓದಿದ್ದೀರಿ, ಸ್ಟ್ಯಾಂಡರ್ಡ್ ಮಾಡೆಲ್‌ನ ಪರಿಚಯ ಇದೆ ಅಂದುಕೊಂಡು ಬರೆಯುತ್ತಿದ್ದೇನೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ದುರ್ಬಲ ಬಲದ ಮೂಲಕ ಒಂದು ಕ್ವಾರ್ಕ್ ಇನ್ನೊಂದಾಗುತ್ತದೆ. ಯಾವುದು ಯಾವುದಾಗಿ ಎಷ್ಟು ಸುಲಭವಾಗಿ ಬದಲಾಗುತ್ತದೆ ಅನ್ನುವುದು ಒಂದು 3×3 ಮ್ಯಾಟ್ರಿಕ್ಸ್‌ನಲ್ಲಿದೆ. 1963ರಲ್ಲಿ ಕ್ಯಾಬಿಬೊ ಇದಕ್ಕೆ ಅಡಿಪಾಯ ಹಾಕಿದರು. 1973ರಲ್ಲಿ ಕೊಬಯಾಶಿ ಮತ್ತು ಮಸ್ಕಾವಾ ಅದನ್ನು ಮೂರು ಪೀಳಿಗೆಯ ಕ್ವಾರ್ಕ್‌ಗಳಿಗೆ ವಿಸ್ತರಿಸಿದರು. 2008ರ ಭೌತವಿಜ್ಞಾನ ನೊಬೆಲ್‌ನ ಅರ್ಧ ಪಾಲು ಅವರಿಬ್ಬರಿಗೆ ಬಂತು. ಮೂವರ ಹೆಸರಿನ ಮೊದಲ ಅಕ್ಷರ ಸೇರಿ ಇದು ಸಿಕೆಎಂ ಮ್ಯಾಟ್ರಿಕ್ಸ್. ಒಂಬತ್ತು ಮನೆಗಳಿದ್ದರೂ ಸ್ವತಂತ್ರ ಸಂಖ್ಯೆಗಳು ನಾಲ್ಕೇ: ಮೂರು ಕೋನ, ಒಂದು ಫೇಸ್. ಸಿಪಿ ಉಲ್ಲಂಘನೆ, ಅಂದರೆ ಕಣ ಮತ್ತು ಪ್ರತಿಕಣದ ನಡತೆ ಬೇರೆಯಾಗುವುದು, ಬರುವುದು ಆ ಫೇಸ್‌ನಿಂದ. ಈ ನಾಲ್ಕು ಎಷ್ಟು ಅಂತ ಥಿಯರಿ ಹೇಳುವುದಿಲ್ಲ. ಅಳೆದೇ ತಿಳಿಯಬೇಕು.

ಮ್ಯಾಟ್ರಿಕ್ಸ್‌ನ ಪ್ರತಿ ಮನೆಗೂ ಒಂದು ಹೆಸರಿದೆ: ಬಿ ಮತ್ತು ಸಿ ಸೇರುವ ಮನೆ ವಿ-ಸಿಬಿ, ಬಿ ಮತ್ತು ಯು ಸೇರುವ ಮನೆ ವಿ-ಯುಬಿ, ಹೀಗೆ. ಬಿ ಕ್ವಾರ್ಕ್ ಸಿ ಕ್ವಾರ್ಕ್ ಆಗುವ ದರ ವಿ-ಸಿಬಿಯ ವರ್ಗಕ್ಕೆ ತಕ್ಕಂತೆ ಇರುತ್ತದೆ. ಹಾಗಾದರೆ ಕ್ಷಯಗಳನ್ನು ಎಣಿಸಿದರೆ ಆಯ್ತಲ್ವಾ? ಆಗುವುದಿಲ್ಲ. ಬಿ ಕ್ವಾರ್ಕ್ ಒಂಟಿಯಾಗಿ ಸಿಗುವುದೇ ಇಲ್ಲ. ಮೆಸಾನ್ ಒಳಗೆ ಒಂದು ಹಗುರ ಕ್ವಾರ್ಕ್ ಮತ್ತು ಗ್ಲುವಾನ್‌ಗಳ ಗದ್ದಲದ ಜೊತೆ ಇರುತ್ತದೆ. ನೀವು ಎಣಿಸುವುದು ಮೆಸಾನ್‌ಗಳನ್ನು, ನಿಮಗೆ ಬೇಕಾದದ್ದು ಕ್ವಾರ್ಕ್‌ನ ಸಂಖ್ಯೆ. ನಡುವೆ ಸ್ಟ್ರಾಂಗ್ ಫೋರ್ಸ್‌ನ ಲೆಕ್ಕ ಕೂತಿದೆ. ಆ ಲೆಕ್ಕವನ್ನು ಯಾರು ಮಾಡುತ್ತಾರೆ, ಎಷ್ಟು ನಂಬಬಹುದು ಅನ್ನುವುದರ ಮೇಲೆ ನಿಮ್ಮ ಆಯ್ಕೆ ನಿಂತಿದೆ.

ಮೊದಲು ಅಳತೆಗೋಲು

ಅನಿಶ್ಚಿತತೆ ಎಷ್ಟು ಅಂತ ನೋಡುವ ಮೊದಲು ಅದು ಎಲ್ಲಿಂದ ಬಂತು ಅಂತ ನೋಡಿ. ನನ್ನ ಮಟ್ಟಿಗೆ ಉಳಿದೆಲ್ಲ ಪ್ರಶ್ನೆಗಳೂ ಇದರ ಹಿಂದೆ. ಈವೆಂಟ್‌ಗಳು ಕಡಿಮೆ ಇರುವುದರಿಂದ ಬಂದಿದ್ದರೆ, ಡೇಟಾ ಬೆಳೆದ ಹಾಗೆ ಇಳಿಯುತ್ತದೆ. ಡಿಟೆಕ್ಟರ್‌ನಿಂದ ಬಂದಿದ್ದರೆ ನೀವೇ ಕೂತು ಕೆಲಸ ಮಾಡಿ ಇಳಿಸಬಹುದು. ಥಿಯರಿಯಿಂದ ಬಂದಿದ್ದರೆ ಡೇಟಾ ಹತ್ತು ಪಟ್ಟಾದರೂ ಅಲ್ಲಾಡುವುದಿಲ್ಲ. ತೂಕದ ಕಲ್ಲೇ ಸರಿಯಿಲ್ಲದಿದ್ದರೆ ಎಷ್ಟು ಸಲ ತೂಗಿದರೇನು?

ಎರಡನೆಯದು ಬ್ರಾಂಚಿಂಗ್ ಫ್ರಾಕ್ಷನ್, ಅಂದರೆ ಒಟ್ಟು ಕ್ಷಯಗಳಲ್ಲಿ ನಿಮ್ಮದರ ಪಾಲು. ನಿಮ್ಮ ಬಜೆಟ್ ಇದು. ಕೆಲವು ದಾರಿಗಳಲ್ಲಿ ನೂರಕ್ಕೆ ಐದು ಸಿಗುತ್ತದೆ, ಕೆಲವದರಲ್ಲಿ ಹತ್ತು ಸಾವಿರಕ್ಕೆ ಒಂದು.

ಮೂರನೆಯದು ಯಂತ್ರ. ಜಪಾನಿನ ತ್ಸುಕುಬಾದಲ್ಲಿರುವ ಬೆಲ್-2 ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್ ಡಿಕ್ಕಿಯ ಮೇಲೆ ನಡೆಯುತ್ತದೆ. 10.58 ಜಿಇವಿ ಶಕ್ತಿಯಲ್ಲಿ ಹುಟ್ಟುವ ಕಣ ಎರಡು ಬಿ ಮೆಸಾನ್ ಆಗಿ ಒಡೆಯುತ್ತದೆ, ಜೊತೆಗೆ ಬೇರೇನೂ ಇರುವುದಿಲ್ಲ. ಒಂದು ಬಿಯನ್ನು ಪೂರ್ತಿ ಜೋಡಿಸಿದರೆ ಇನ್ನೊಂದರಿಂದ ಕಾಣದೆ ಹೋದ ನ್ಯೂಟ್ರಿನೊವನ್ನು ಲೆಕ್ಕದಿಂದಲೇ ಹಿಡಿಯಬಹುದು. ಇದಕ್ಕೆ ಟ್ಯಾಗಿಂಗ್ ಅನ್ನುತ್ತಾರೆ. ಬೆಲೆ ಮಾತ್ರ ದುಬಾರಿ: ಹ್ಯಾಡ್ರಾನಿಕ್ ಟ್ಯಾಗ್ ಆದರೆ ನೂರರಲ್ಲಿ ಒಂದು ಈವೆಂಟ್ ಕೂಡ ಉಳಿಯುವುದಿಲ್ಲ. ಜಿನೀವಾದ ಎಲ್‌ಎಚ್‌ಸಿಬಿಯಲ್ಲಿ ಬಿ ಕ್ವಾರ್ಕ್‌ಗಳು ಅದಕ್ಕಿಂತ ತುಂಬಾ ಜಾಸ್ತಿ. ಬಿ ಜೊತೆ ಎಸ್ ಕ್ವಾರ್ಕ್ ಇರುವ ಬಿ-ಎಸ್ ಮೆಸಾನ್, ಬಿ ಇರುವ ಮೂರು ಕ್ವಾರ್ಕ್ ಕಣ ಲ್ಯಾಂಬ್ಡಾ-ಬಿ ಕೂಡ ಸಿಗುತ್ತವೆ. ಆದರೆ ಪ್ರೋಟಾನ್ ಡಿಕ್ಕಿಯ ಕಸವೂ ಅಷ್ಟೇ ಇರುತ್ತದೆ. ನ್ಯೂಟ್ರಿನೊ, ನ್ಯೂಟ್ರಲ್ ಪಯಾನ್ ಇರುವ ಕ್ಷಯಗಳು ಅಲ್ಲಿ ತಲೆನೋವು.

ಇನ್ನೊಂದು ಮಾತು. ನೇರವಾಗಿ ನಡೆಯುವ ಟ್ರೀ ಮಟ್ಟದ ಕ್ಷಯಗಳಲ್ಲಿ ಹೊಸ ಭೌತವಿಜ್ಞಾನ ನುಸುಳುವ ಸಾಧ್ಯತೆ ಕಡಿಮೆ, ನಡುವೆ ಭಾರದ ಕಣಗಳು ಕ್ಷಣಕಾಲ ಸುತ್ತಿ ಹೋಗುವ ಲೂಪ್ ಇರುವ ಕಡೆ ಹೆಚ್ಚು. ಸಿಕೆಎಂ ಸಂಖ್ಯೆಗಳನ್ನು ಗಟ್ಟಿ ಮಾಡಬೇಕೆಂದರೆ ಮೊದಲನೆಯದು, ಬಿರುಕು ಹುಡುಕಬೇಕೆಂದರೆ ಎರಡನೆಯದು. ಒಂದಕ್ಕೊಂದು ಬೇಕೇ ಬೇಕು ಅನ್ನುವುದು ಬೇರೆ ಮಾತು.

ವಿ-ಸಿಬಿ: ಎರಡು ದಾರಿ, ಎರಡು ಉತ್ತರ

ಹೆಚ್ಚು ಜನ ಕಣ್ಣಿಡುವುದು ಇಲ್ಲಿ, ಹಾಗಾಗಿ ಇಲ್ಲೇ ಸ್ವಲ್ಪ ಹೊತ್ತು ನಿಲ್ಲೋಣ.

ಎಕ್ಸ್‌ಕ್ಲೂಸಿವ್ ದಾರಿಯಲ್ಲಿ ಒಂದೇ ಒಂದು ಕ್ಷಯವನ್ನು ಹಿಡಿಯುತ್ತೀರಿ. ಬಿ ಮೆಸಾನ್ ಡಿ-ಸ್ಟಾರ್ (ಸಿ ಕ್ವಾರ್ಕ್ ಇರುವ ಡಿ ಮೆಸಾನಿನ ಹೆಚ್ಚು ಶಕ್ತಿಯ ರೂಪ), ಲೆಪ್ಟಾನ್, ನ್ಯೂಟ್ರಿನೊ ಆಗಿ ಒಡೆಯುವುದು ಇವುಗಳಲ್ಲಿ ಮುಖ್ಯವಾದದ್ದು. ಎಲೆಕ್ಟ್ರಾನ್‌ಗೆ ಸುಮಾರು ಶೇ. 5, ಮ್ಯೂಆನ್‌ಗೆ ಅಷ್ಟೇ. ಬಜೆಟ್‌ಗೆ ಕೊರತೆಯಿಲ್ಲ.

ಡಿ-ಸ್ಟಾರ್ ಮುಂದೆ ಡಿ ಮತ್ತು ಪಯಾನ್ ಆಗುತ್ತದೆ. ಚಾರ್ಜ್ ಇರುವ ಡಿ-ಸ್ಟಾರ್ ಮತ್ತು ಚಾರ್ಜ್ ಇಲ್ಲದ ಡಿ ನಡುವಿನ ದ್ರವ್ಯರಾಶಿಯ ವ್ಯತ್ಯಾಸ 145.4 ಎಂಇವಿ. ಅದರಲ್ಲಿ ಪಯಾನ್ ಒಂದೇ 139.6 ನುಂಗುತ್ತದೆ. ಉಳಿಯುವುದು 6 ಎಂಇವಿಗೂ ಕಡಿಮೆ. ಹಾಗಾಗಿ ಪಯಾನ್ ತೀರಾ ನಿಧಾನ. 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ 50 ಎಂಇವಿ ಸಂವೇಗದ ಪಯಾನ್ 11 ಸೆಂಟಿಮೀಟರ್ ತ್ರಿಜ್ಯದಲ್ಲೇ ಸುತ್ತಿಕೊಂಡುಬಿಡುತ್ತದೆ. ಅದು ಒಳಗಿನ ಸಿಲಿಕಾನ್ ಪದರಗಳಲ್ಲಿ ನಾಲ್ಕಾರು ಗುರುತು ಬಿಟ್ಟು ಹೋದರೆ ಪುಣ್ಯ. ಇದರಿಂದ ಲಾಭವೂ ಇದೆ, ನಷ್ಟವೂ ಇದೆ. ಡಿ-ಸ್ಟಾರ್‌ನಿಂದ ಡಿಯನ್ನು ಕಳೆದರೆ 145.4ರಲ್ಲಿ ಚೂಪಾದ ಶಿಖರ ಬರುತ್ತದೆ, ಹಿನ್ನೆಲೆಯ ಕಸ ಬಹುಪಾಲು ಅಲ್ಲೇ ಸೋಸಿಹೋಗುತ್ತದೆ. ಆದರೆ ಆ ನಿಧಾನದ ಪಯಾನ್ ಎಷ್ಟು ಸಲ ಸಿಗುತ್ತದೆ, ಎಷ್ಟು ಸಲ ತಪ್ಪಿಸಿಕೊಳ್ಳುತ್ತದೆ ಅನ್ನುವ ಲೆಕ್ಕವೇ ಡಿಟೆಕ್ಟರ್ ಕಡೆಯ ದೊಡ್ಡ ಅನಿಶ್ಚಿತತೆಗಳಲ್ಲಿ ಒಂದು.

ಥಿಯರಿ ಕಡೆ ಇನ್ನೊಂದು ಇಕ್ಕಟ್ಟು. ಬಿ ನಿಂತಿರುವಾಗ ಡಿ-ಸ್ಟಾರ್ ಕೂಡ ನಿಂತೇ ಹುಟ್ಟಿದರೆ ಅದಕ್ಕೆ ಝೀರೋ ರಿಕಾಯಿಲ್ ಅನ್ನುತ್ತಾರೆ. ಆ ಬಿಂದುವಿನಲ್ಲಿ ಫಾರ್ಮ್ ಫ್ಯಾಕ್ಟರ್, ಅಂದರೆ ಸ್ಟ್ರಾಂಗ್ ಫೋರ್ಸ್‌ನ ಪಾಲನ್ನು ಹೇಳುವ ಸಂಖ್ಯೆ, ಬಹುತೇಕ ಗೊತ್ತಿದೆ. ಕ್ವಾರ್ಕ್‌ಗಳು ಅನಂತ ಭಾರವಾಗಿದ್ದರೆ ಅದು 1 ಆಗುತ್ತಿತ್ತು, ಲ್ಯಾಟಿಸ್ ಲೆಕ್ಕ (ಸ್ಥಳ-ಕಾಲವನ್ನು ಜಾಲರಿ ಮಾಡಿ ಸ್ಟ್ರಾಂಗ್ ಫೋರ್ಸನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಧಾನ) ಸುಮಾರು 0.91 ಅನ್ನುತ್ತದೆ. ಆದರೆ ಸರಿಯಾಗಿ ಅದೇ ಬಿಂದುವಿನಲ್ಲಿ ಕ್ಷಯದ ದರ ಸೊನ್ನೆ! ಥಿಯರಿ ಗಟ್ಟಿ ಇರುವಲ್ಲಿ ಈವೆಂಟ್ ಇಲ್ಲ, ಈವೆಂಟ್ ಇರುವಲ್ಲಿ ಥಿಯರಿ ಮೆತ್ತಗೆ. ಆದ್ದರಿಂದ ದೂರದ ಡೇಟಾದಿಂದ ಆ ಬಿಂದುವಿಗೆ ಒಂದು ವಕ್ರರೇಖೆ ಎಳೆಯಬೇಕು. ಯಾವ ವಕ್ರರೇಖೆ ಅನ್ನುವುದೇ ಜಗಳ. 2017ರಲ್ಲಿ ಬೆಲ್-2ರ ಹಿಂದಿನ ಪ್ರಯೋಗವಾದ ಬೆಲ್ ತನ್ನ ಅಳತೆಯನ್ನು ಪೂರ್ತಿ ಕೋವೇರಿಯನ್ಸ್ (ಬೇರೆ ಬೇರೆ ಬಿಂದುಗಳ ಅನಿಶ್ಚಿತತೆ ಒಂದಕ್ಕೊಂದು ಹೇಗೆ ಹೆಣೆದಿದೆ ಅನ್ನುವ ಪಟ್ಟಿ) ಸಮೇತ ಹೊರಗೆ ಬಿಟ್ಟಿತು. ಒಂದೇ ಡೇಟಾಗೆ ಸಿಎಲ್‌ಎನ್ ರೂಪ ಹಾಕಿದವರಿಗೆ ವಿ-ಸಿಬಿ 38ರ ಆಸುಪಾಸು ಬಂತು, ಬಿಜಿಎಲ್ ರೂಪ ಹಾಕಿದವರಿಗೆ 41ರ ಮೇಲೆ. (ಇಲ್ಲಿನ ವಿ-ಸಿಬಿ, ವಿ-ಯುಬಿ ಸಂಖ್ಯೆಗಳೆಲ್ಲ ಸಾವಿರದಲ್ಲಿ ಇಷ್ಟು ಅನ್ನುವ ಲೆಕ್ಕ.) ಆಮೇಲೆ ಬಂದ ದೊಡ್ಡ ಡೇಟಾದಲ್ಲಿ ಆ ಅಂತರ ಬಹಳ ಕುಗ್ಗಿತು. ಆದರೆ ಸಿಎಲ್‌ಎನ್ ಅನ್ನು ಕಣ್ಣುಮುಚ್ಚಿ ಬಳಸುವ ಕಾಲ ಅಲ್ಲಿಗೆ ಮುಗಿಯಿತು. 2021ರಿಂದ ಈಚೆಗೆ ಝೀರೋ ರಿಕಾಯಿಲ್ ಬಿಟ್ಟು ಬೇರೆ ಕಡೆಯೂ ಲ್ಯಾಟಿಸ್ ಲೆಕ್ಕಗಳು ಬಂದಿವೆ. ಅವುಗಳ ಇಳಿಜಾರು ಒಂದಕ್ಕೊಂದು, ಡೇಟಾಗೂ, ಪೂರ್ತಿ ತಾಳೆಯಾಗುತ್ತಿಲ್ಲ.

ಡಿ-ಸ್ಟಾರ್ ಬದಲು ಬರೀ ಡಿ ತಗೊಂಡರೆ ನಿಧಾನದ ಪಯಾನ್ ಕಾಟವಿಲ್ಲ, ಲೆಪ್ಟಾನ್ ಹಗುರವಿದ್ದರೆ ಒಂದೇ ಫಾರ್ಮ್ ಫ್ಯಾಕ್ಟರ್ ಸಾಕು. ಆದರೆ ಈವೆಂಟ್ ಅರ್ಧಕ್ಕಿಂತ ಕಡಿಮೆ, ಪಯಾನ್ ಕಳೆದುಕೊಂಡ ಡಿ-ಸ್ಟಾರ್‌ಗಳೇ ಬಂದು ಹಿನ್ನೆಲೆಯಾಗಿ ಕೂರುತ್ತವೆ.

ಇನ್‌ಕ್ಲೂಸಿವ್ ದಾರಿ ಇದಕ್ಕೆ ತದ್ವಿರುದ್ಧ. ಹೊರಬಂದ ಹ್ಯಾಡ್ರಾನ್ ಯಾವುದಾದರೂ ಇರಲಿ, ಲೆಪ್ಟಾನ್ ಇದ್ದರೆ ಸಾಕು, ಎಲ್ಲವನ್ನೂ ಕೂಡಿಸುತ್ತೀರಿ. ಬಿ ಕ್ಷಯಗಳಲ್ಲಿ ಶೇ. 10ಕ್ಕೂ ಹೆಚ್ಚು ಇದೇ. ಎಲ್ಲವನ್ನೂ ಕೂಡಿಸಿದ್ದರಿಂದ ಹ್ಯಾಡ್ರಾನ್‌ಗಳ ವಿವರ ಮಾಯವಾಗಿ, ಬಹುತೇಕ ಬಿ ಕ್ವಾರ್ಕ್‌ನ ಕ್ಷಯವೇ ಉಳಿಯುತ್ತದೆ. ತಿದ್ದುಪಡಿಗಳು ಬಿ ಕ್ವಾರ್ಕ್‌ನ ದ್ರವ್ಯರಾಶಿಯ ವಿಲೋಮ ಘಾತಗಳಲ್ಲಿ ಬರುತ್ತವೆ. ದರ ಆ ದ್ರವ್ಯರಾಶಿಯ ಐದನೇ ಘಾತಕ್ಕೆ ತಕ್ಕಂತೆ ಏರುವುದರಿಂದ ದ್ರವ್ಯರಾಶಿಯಲ್ಲಿ ಸ್ವಲ್ಪ ಎಡವಟ್ಟಾದರೂ ಉತ್ತರ ಜಾರುತ್ತದೆ. ಹಾಗಾಗಿ ಲೆಪ್ಟಾನ್ ಶಕ್ತಿ, ಹ್ಯಾಡ್ರಾನ್ ದ್ರವ್ಯರಾಶಿ ಇವುಗಳ ಮೊಮೆಂಟ್‌ಗಳನ್ನು (ಸರಾಸರಿ, ಹರವು ಇಂಥವನ್ನು) ಅಳೆದು, ದ್ರವ್ಯರಾಶಿಯನ್ನೂ ಉಳಿದ ನಿಯತಾಂಕಗಳನ್ನೂ ವಿ-ಸಿಬಿ ಜೊತೆಗೇ ಫಿಟ್ ಮಾಡುತ್ತಾರೆ. ಒಟ್ಟು ದರಕ್ಕೆ ಮೂರು ಲೂಪ್‌ವರೆಗಿನ ಲೆಕ್ಕ ಸಿಕ್ಕ ಮೇಲೆ, 2021ರ ಫಿಟ್ 42.16 ಕೊಟ್ಟಿತು, ಅನಿಶ್ಚಿತತೆ 0.51. ಶೇ. 1.2ರಷ್ಟು, ಅಂದರೆ ಬಹಳ ಒಳ್ಳೆಯ ಅಂಕಿ.

ತೊಡಕು ಏನೆಂದರೆ ಎಕ್ಸ್‌ಕ್ಲೂಸಿವ್ ಸರಾಸರಿ 39.8ರ ಹತ್ತಿರ ಕೂತಿದೆ. ಎರಡರ ನಡುವೆ ಶೇ. 6ರ ಅಂತರ. ಇದನ್ನು ಸುಮ್ನೆ ಬಿಟ್ಟುಬಿಡೋಣ ಅನ್ನುವ ಹಾಗಿಲ್ಲ. ಕೇಯಾನ್‌ನ ಸಿಪಿ ಉಲ್ಲಂಘನೆಯ ಲೆಕ್ಕದಲ್ಲಿ ವಿ-ಸಿಬಿ ಸುಮಾರಾಗಿ ನಾಲ್ಕನೇ ಘಾತದಲ್ಲಿ ಬರುತ್ತದೆ. ಅಲ್ಲಿ ಶೇ. 6 ಅನ್ನುವುದು ಶೇ. 26 ಆಗಿ ಕೂರುತ್ತದೆ. ನನಗನ್ನಿಸುವುದು, ಇದು ಹೊಸ ಕಣದ ಸುಳಿವಲ್ಲ. ನಮ್ಮ ಲೆಕ್ಕದಲ್ಲೋ ಅಳತೆಯಲ್ಲೋ ಎಲ್ಲೋ ಏನೋ ಸರಿಯಾಗಿ ಕೂತಿಲ್ಲ. ಅದನ್ನು ಹುಡುಕುವುದು ಮಾಡಲೇಬೇಕಾದ ಕೆಲಸ. ಹೆಸರು ತರುವ ಕೆಲಸ ಹೌದೋ ಅಲ್ಲವೋ ಹೇಳಲಾರೆ.

ಒಂದು ಅನುಕೂಲ ಇದೆ. ಯಾವ ಪ್ರಯೋಗದ ಸದಸ್ಯರೂ ಆಗದೆ ಎಕ್ಸ್‌ಕ್ಲೂಸಿವ್ ದಾರಿಯಲ್ಲಿ ಕೆಲಸ ಮಾಡಬಹುದು. ಪ್ರಕಟವಾದ ಸ್ಪೆಕ್ಟ್ರಂ, ಅದರ ಕೋವೇರಿಯನ್ಸ್ ಮ್ಯಾಟ್ರಿಕ್ಸ್, ಲ್ಯಾಟಿಸ್ ಅಂಕಿಗಳು, ಒಂದು ಲ್ಯಾಪ್‌ಟಾಪ್, ಇಷ್ಟಿದ್ದರೆ ಬಿಜಿಎಲ್ ಫಿಟ್ ನೀವೇ ಬರೆಯಬಹುದು. ಮೊದಲು ಪ್ರಕಟವಾದ ಉತ್ತರವೇ ಬರುತ್ತದಾ ನೋಡಿ. ಆಮೇಲೆ ಕೋವೇರಿಯನ್ಸ್‌ನ ಕರ್ಣದಾಚೆಯ ಸಂಖ್ಯೆಗಳನ್ನು ಸೊನ್ನೆ ಮಾಡಿ ಮತ್ತೆ ಓಡಿಸಿ. ಸರಣಿಗೆ ಇನ್ನೊಂದು ಪದ ಸೇರಿಸಿ ನೋಡಿ. ಉತ್ತರ ಯಾವುದಕ್ಕೆ ಎಷ್ಟು ಜಗ್ಗುತ್ತದೆ ಅಂತ ಕೈಗೇ ತಿಳಿಯುತ್ತದೆ. ಇನ್‌ಕ್ಲೂಸಿವ್‌ನಲ್ಲಿ ಇಷ್ಟು ಸಲೀಸಾಗಿ ಒಳಗೆ ಕಾಲಿಡಲು ಆಗುವುದಿಲ್ಲ. ಥಿಯರಿ ಕಡೆ ಹೋಗಬೇಕೆಂದರೆ ಆ ಲೆಕ್ಕದಲ್ಲಿ ಪಳಗಿದ ಗೈಡ್ ಬೇಕು.

ವಿ-ಯುಬಿ: ಇದೇ ಕಥೆ, ಐವತ್ತು ಪಟ್ಟು ಕಷ್ಟ

ಬಿ ಕ್ವಾರ್ಕ್ ಯು ಕ್ವಾರ್ಕ್ ಆಗುವುದು ಸಿ ಆಗುವುದಕ್ಕಿಂತ ಸುಮಾರು 50 ಪಟ್ಟು ಅಪರೂಪ. ಇನ್‌ಕ್ಲೂಸಿವ್ ಆಗಿ ಅಳೆಯಬೇಕೆಂದರೆ ಆ ಐವತ್ತರ ರಾಶಿಯನ್ನು ಪಕ್ಕಕ್ಕೆ ತಳ್ಳಬೇಕು. ಲೆಪ್ಟಾನ್ ಸಂವೇಗ 2.3 ಜಿಇವಿ ದಾಟಿದರೆ, ಅಥವಾ ಹ್ಯಾಡ್ರಾನ್ ದ್ರವ್ಯರಾಶಿ ಡಿ ಮೆಸಾನ್‌ನ 1.87ಕ್ಕಿಂತ ಕೆಳಗಿದ್ದರೆ ಸಿ ಬರಲಾರದು. ಆದರೆ ಹಾಗೆ ಒಂದು ಮೂಲೆಯನ್ನು ಮಾತ್ರ ಉಳಿಸಿಕೊಂಡಾಗ, ಎಲ್ಲವನ್ನೂ ಕೂಡಿಸಿದ್ದರಿಂದ ಸಿಕ್ಕ ಥಿಯರಿಯ ಅನುಕೂಲ ಕೈತಪ್ಪುತ್ತದೆ. ಬಿ ಕ್ವಾರ್ಕ್ ಮೆಸಾನ್ ಒಳಗೆ ಹೇಗೆ ಅಲೆದಾಡುತ್ತಿದೆ ಅನ್ನುವ ಶೇಪ್ ಫಂಕ್ಷನ್ ಬೇಕಾಗುತ್ತದೆ. ಮೊದಲ ಸಲ ಈ ಕ್ಷೇತ್ರಕ್ಕೆ ಬರುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಎಕ್ಸ್‌ಕ್ಲೂಸಿವ್ ಅಂದರೆ ಬಿ ಮೆಸಾನ್ ಪಯಾನ್, ಲೆಪ್ಟಾನ್, ನ್ಯೂಟ್ರಿನೊ ಆಗುವುದು. ಹತ್ತು ಸಾವಿರಕ್ಕೆ ಒಂದೂವರೆ ಮಾತ್ರ. ಲ್ಯಾಟಿಸ್ ಇಲ್ಲಿಯೂ ಒಂದು ತುದಿಯಲ್ಲಿ ಗಟ್ಟಿ, ಈವೆಂಟ್‌ಗಳು ಇನ್ನೊಂದು ತುದಿಯಲ್ಲಿ ಜಾಸ್ತಿ. ಆದರೂ ದಾರಿ ಸ್ಪಷ್ಟವಿದೆ: ಬೆಲ್-2 ಡೇಟಾ ಬೆಳೆದ ಹಾಗೆ, ಲ್ಯಾಟಿಸ್ ಸುಧಾರಿಸಿದ ಹಾಗೆ ಎರಡೂ ಅನಿಶ್ಚಿತತೆ ಇಳಿಯುತ್ತವೆ. ಇಲ್ಲಿ ಎಕ್ಸ್‌ಕ್ಲೂಸಿವ್ 3.7, ಇನ್‌ಕ್ಲೂಸಿವ್ 4.1. ಇಲ್ಲೂ ಇನ್‌ಕ್ಲೂಸಿವ್ ಮೇಲೆ!

ಪ್ರೋಟಾನ್ ಯಂತ್ರದಲ್ಲಿ ವಿ-ಯುಬಿ ಅಳೆಯಲಾಗದು ಅಂತ ಹಿಂದೆ ಹೇಳುತ್ತಿದ್ದರು. 2015ರಲ್ಲಿ ಎಲ್‌ಎಚ್‌ಸಿಬಿ ಲ್ಯಾಂಬ್ಡಾ-ಬಿ ಪ್ರೋಟಾನ್, ಮ್ಯೂಆನ್, ನ್ಯೂಟ್ರಿನೊ ಆಗುವ ಕ್ಷಯದಿಂದ ವಿ-ಯುಬಿ ಮತ್ತು ವಿ-ಸಿಬಿಯ ಅನುಪಾತ ತೆಗೆಯಿತು. ಕಣ ಹುಟ್ಟಿದ ಜಾಗದಿಂದ ಒಡೆದ ಜಾಗಕ್ಕೆ ಗೆರೆ ಎಳೆದು, ಆ ಗೆರೆಗೆ ಅಡ್ಡವಾಗಿ ಎಷ್ಟು ಸಂವೇಗ ಕಾಣೆಯಾಗಿದೆ ಅಂತ ನೋಡಿ, ನ್ಯೂಟ್ರಿನೊದ ಪಾಲನ್ನು ಅಂದಾಜು ಮಾಡಿದರು. ಟ್ಯಾಗ್ ಇಲ್ಲದೆ ನ್ಯೂಟ್ರಿನೊ ಹಿಡಿಯುವ ಈ ಉಪಾಯ ಇಷ್ಟವಾದವರಿಗೆ ಎಲ್‌ಎಚ್‌ಸಿಬಿ ಒಳ್ಳೆಯ ಜಾಗ.

ಗಾಮಾ: ಥಿಯರಿಯ ಕಾಟವೇ ಇಲ್ಲದ ದಾರಿ

ಬಿ ಮೆಸಾನ್ ಡಿ ಮತ್ತು ಕೇಯಾನ್ ಆಗಿ ಒಡೆಯಲು ಎರಡು ಹಾದಿಗಳಿವೆ. ಒಂದರಲ್ಲಿ ಬಿ ಸಿ ಆಗುತ್ತದೆ, ಇನ್ನೊಂದರಲ್ಲಿ ಯು ಆಗುತ್ತದೆ. ಒಂದರಲ್ಲಿ ಡಿ, ಇನ್ನೊಂದರಲ್ಲಿ ಪ್ರತಿ-ಡಿ. ಎರಡೂ ಒಂದೇ ಅಂತಿಮ ಸ್ಥಿತಿಗೆ ಬಂದರೆ ಹಾದಿಗಳು ಒಂದಕ್ಕೊಂದು ಬೆರೆಯುತ್ತವೆ. ಸಿಕೆಎಂ ಸಂಖ್ಯೆಗಳಿಂದ ಕಟ್ಟುವ ಯೂನಿಟರಿಟಿ ತ್ರಿಕೋನದ ಒಂದು ಕೋನವೇ ಗಾಮಾ; ಅದು ಆ ಇಂಟರ್‌ಫರೆನ್ಸ್‌ನಲ್ಲಿ ಅಡಗಿದೆ. ಬಿ ಪ್ಲಸ್ ಮತ್ತು ಬಿ ಮೈನಸ್ ದರಗಳ ವ್ಯತ್ಯಾಸದಲ್ಲಿ ಅದು ಕಾಣುತ್ತದೆ.

ಇದರ ಸೊಗಸು ಏನೆಂದರೆ ಸ್ಟ್ರಾಂಗ್ ಫೋರ್ಸ್‌ನ ಗೊತ್ತಿಲ್ಲದ ಸಂಖ್ಯೆಗಳೆಲ್ಲ ಡೇಟಾದಿಂದಲೇ ಸಿಗುತ್ತವೆ. ಲ್ಯಾಟಿಸ್ ಬೇಡ, ಶೇಪ್ ಫಂಕ್ಷನ್ ಬೇಡ. ಉಳಿಯುವ ಥಿಯರಿ ಅನಿಶ್ಚಿತತೆ ಕೋಟಿಗೆ ಒಂದರಷ್ಟು ಅಂತ ಲೆಕ್ಕ ಹಾಕಿದ್ದಾರೆ. ಎಲ್‌ಎಚ್‌ಸಿಬಿ ತನ್ನೆಲ್ಲ ಅಳತೆ ಕೂಡಿಸಿ 2024ರಲ್ಲಿ ಕೊಟ್ಟ ಉತ್ತರ 64.6 ಡಿಗ್ರಿ, ಅನಿಶ್ಚಿತತೆ 2.8 ಡಿಗ್ರಿ. ಅದರಲ್ಲಿ ದೊಡ್ಡ ಪಾಲು ಈವೆಂಟ್ ಕಡಿಮೆ ಅನ್ನುವುದರಿಂದಲೇ ಬಂದದ್ದು. ಅಂದರೆ ನೀವು ಸೇರಿಸುವ ಪ್ರತಿ ಈವೆಂಟ್‌ಗೂ ಬೆಲೆ ಇದೆ.

ಕಷ್ಟ ಯಾಕೆಂದರೆ ಎರಡನೇ ಹಾದಿಯ ಆಂಪ್ಲಿಟ್ಯೂಡ್ ಮೊದಲನೆಯದರ ಹತ್ತನೇ ಒಂದು ಭಾಗ ಮಾತ್ರ. ಗೆರೆ ಮಸುಕು. ಡಿ ಮೆಸಾನ್ ಕೆ-ಶಾರ್ಟ್ (ಬೇಗ ಕ್ಷಯಿಸುವ ಕೇಯಾನ್) ಮತ್ತು ಎರಡು ಪಯಾನ್ ಆಗುವ ಕ್ಷಯದ ಡಾಲಿಟ್ಜ್ ಪ್ಲಾಟ್ (ಮೂರು ಕಣಗಳು ಶಕ್ತಿಯನ್ನು ಹೇಗೆ ಹಂಚಿಕೊಂಡವು ಅನ್ನುವ ನಕ್ಷೆ) ಬಳಸುವ ವಿಧಾನ ಈಗ ಹೆಚ್ಚು ಕೆಲಸಕ್ಕೆ ಬರುತ್ತಿದೆ. ಅದಕ್ಕೆ ಬೇಕಾದ ಸ್ಟ್ರಾಂಗ್ ಫೇಸ್‌ಗಳನ್ನು ಕ್ಲಿಯೊ-ಸಿ ಮತ್ತು ಬೀಜಿಂಗ್‌ನ ಬೆಸ್-3 ಪ್ರಯೋಗಗಳು ಅಳೆದು ಕೊಟ್ಟಿವೆ. ಇನ್ನೊಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು: ಇಲ್ಲಿ ಜನ ಜಾಸ್ತಿ. ಗಾಮಾ ಅನ್ನುವುದು ಹತ್ತಾರು ಅಳತೆಗಳ ಕೂಡಿಕೆ. ನಿಮ್ಮ ಥೀಸಿಸ್ ಅದರಲ್ಲಿ ಒಂದು ಎಳೆ. ಒಬ್ಬರೇ ಒಂದು ಸಂಖ್ಯೆ ಹಿಡಿದು ನಿಲ್ಲಬೇಕು ಅನ್ನುವ ಆಸೆ ಇದ್ದರೆ ಇದು ಸರಿಹೋಗದು.

ಬೀಟಾ ಮತ್ತು ಆಸಿಲೇಶನ್

ಬಿ ಮೆಸಾನ್ ಜೆ-ಸೈ ಮತ್ತು ಕೆ-ಶಾರ್ಟ್ ಆಗುವುದನ್ನು ಕಾಲಕ್ಕೆ ತಕ್ಕಂತೆ ನೋಡಿದರೆ ಸೈನ್ 2-ಬೀಟಾ ಸಿಗುತ್ತದೆ; ಬೀಟಾ ಅದೇ ತ್ರಿಕೋನದ ಇನ್ನೊಂದು ಕೋನ. 2001ರಲ್ಲಿ ಬಾಬಾರ್ ಮತ್ತು ಬೆಲ್ ಪ್ರಯೋಗಗಳು ಬಿ ಮೆಸಾನ್‌ನಲ್ಲಿ ಸಿಪಿ ಉಲ್ಲಂಘನೆ ಕಂಡದ್ದು ಹೀಗೇ. ಇವತ್ತು ಅದು 0.71ರ ಆಸುಪಾಸಿನಲ್ಲಿ ಗಟ್ಟಿಯಾಗಿದೆ, ಅನಿಶ್ಚಿತತೆ 0.01ರಷ್ಟು. ಕಲಿಯಲು ಇಷ್ಟು ಚೆಂದದ ಅಳತೆ ಇನ್ನೊಂದಿಲ್ಲ. ಆದರೆ ಸುಲಭದ ಭಾಗ ಮುಗಿದಿದೆ. ಇನ್ನು ಮುಂದೆ ಪೆಂಗ್ವಿನ್ ಅನ್ನುವ ಲೂಪ್ ತಿದ್ದುಪಡಿಗಳ ಜೊತೆ ಗುದ್ದಾಡಬೇಕು.

ಬಿ-ಎಸ್ ಆಸಿಲೇಶನ್ ವಿಚಾರದಲ್ಲಿ ನನ್ನ ಮೊದಲ ಅಳತೆಗೋಲು ಯಾಕೆ ಮುಖ್ಯ ಅಂತ ಚೆನ್ನಾಗಿ ಕಾಣುತ್ತದೆ. ಬಿ-ಎಸ್ ತನ್ನ ಪ್ರತಿಕಣವಾಗಿ, ಮತ್ತೆ ತಾನಾಗಿ ಮರಳಿ ಬರಲು 0.35 ಪಿಕೊಸೆಕೆಂಡ್ ಸಾಕು. ಸರಾಸರಿ 1.5 ಪಿಕೊಸೆಕೆಂಡ್ ಬದುಕಿನಲ್ಲಿ ನಾಲ್ಕು ಸುತ್ತು ಹೊಡೆಯುತ್ತದೆ. 2006ರಲ್ಲಿ ಅಮೆರಿಕದ ಸಿಡಿಎಫ್ ಪ್ರಯೋಗ ಇದನ್ನು ಮೊದಲು ಗಟ್ಟಿಯಾಗಿ ಕಂಡಿತು. ಎಲ್‌ಎಚ್‌ಸಿಬಿ ಈಗ ಆ ಆವರ್ತನವನ್ನು ಪಿಕೊಸೆಕೆಂಡಿಗೆ 17.7656 ರೇಡಿಯನ್ ಅಂತ ಅಳೆದಿದೆ, ಅನಿಶ್ಚಿತತೆ ಶೇ. 0.03! ಆದರೆ ಅದರಿಂದ ಟಾಪ್ ಕ್ವಾರ್ಕ್‌ನ ಮನೆಗಳಾದ ವಿ-ಟಿಡಿ ಮತ್ತು ವಿ-ಟಿಎಸ್ ಅನುಪಾತ ತೆಗೆಯಲು ಹೋದರೆ ಲ್ಯಾಟಿಸ್‌ನ ಶೇ. 1ಕ್ಕೂ ಮೀರಿದ ಅನಿಶ್ಚಿತತೆ ಅಡ್ಡ ನಿಲ್ಲುತ್ತದೆ. ಪ್ರಯೋಗದವರು ಇನ್ನು ಏನು ಮಾಡಿದರೂ ಆ ಸಂಖ್ಯೆ ಸುಧಾರಿಸುವುದಿಲ್ಲ. ಲ್ಯಾಟಿಸ್ ಕಲಿಯುವವರಿಗೆ ಮಾತ್ರ ಇದು ಬಂಗಾರದಂಥ ಜಾಗ.

ಚಾರ್ಮ್ ಮರೆಯಬೇಡಿ

ಬಿ ಮೆಸಾನ್ ಟೌ ಮತ್ತು ನ್ಯೂಟ್ರಿನೊ ಆಗುವುದರಿಂದಲೂ ವಿ-ಯುಬಿ ಸಿಗುತ್ತದೆ. ಥಿಯರಿ ಕಡೆ ಬೇಕಾದ ಡಿಕೇ ಕಾನ್‌ಸ್ಟಂಟ್ (ಇಂಥ ಕ್ಷಯದಲ್ಲಿ ಸ್ಟ್ರಾಂಗ್ ಫೋರ್ಸ್‌ನ ಪಾಲು ಹೇಳುವ ಸಂಖ್ಯೆ) ಶೇ. 1ರೊಳಗೆ ಗೊತ್ತಿದೆ. ಆದರೆ ಈವೆಂಟ್ ಹತ್ತು ಸಾವಿರಕ್ಕೆ ಒಂದು, ಟೌ ಒಡೆದಾಗ ಇನ್ನೂ ನ್ಯೂಟ್ರಿನೊಗಳು ಕಾಣೆ. ತಾಳ್ಮೆ ಇದ್ದವರಿಗೆ ಮಾತ್ರ.

ಚಾರ್ಮ್, ಅಂದರೆ ಸಿ ಕ್ವಾರ್ಕ್, ಇರುವ ಡಿ ಮೆಸಾನ್‌ಗಳ ಕಥೆ ಬೇರೆ. ಡಿ ಅಥವಾ ಡಿ-ಎಸ್ ಮ್ಯೂಆನ್ ಮತ್ತು ನ್ಯೂಟ್ರಿನೊ ಆಗುವುದನ್ನು ಬೆಸ್-3ರಲ್ಲಿ ನೋಡುತ್ತಾರೆ. ಡಿ ಆದರೆ ಶಕ್ತಿ ಜೋಡಿ ಹುಟ್ಟಲು ಬೇಕಾದಷ್ಟೇ, ಜೊತೆಗೆ ಬೇರೆ ಕಣವಿಲ್ಲ. ಒಂದು ಡಿಯನ್ನು ಟ್ಯಾಗ್ ಮಾಡಿ, ಇನ್ನೊಂದು ಕಡೆ ಮ್ಯೂಆನ್ ಮಾತ್ರ ಇದ್ದರೆ, ಕಾಣೆಯಾದ ದ್ರವ್ಯರಾಶಿಯ ವರ್ಗ ಸೊನ್ನೆಯಲ್ಲಿ ಶಿಖರ ಕಟ್ಟುತ್ತದೆ. ಲ್ಯಾಟಿಸ್ ಪ್ರಕಾರ ಡಿಕೇ ಕಾನ್‌ಸ್ಟಂಟ್‌ಗಳು 212 ಮತ್ತು 250 ಎಂಇವಿ, ಅನಿಶ್ಚಿತತೆ ಶೇ. 0.5ಕ್ಕೂ ಕಡಿಮೆ. ಅಂದರೆ ವಿ-ಸಿಡಿ, ವಿ-ಸಿಎಸ್ ಎರಡಕ್ಕೂ ಚೆಂಡು ಪ್ರಯೋಗದವರ ಅಂಗಳದಲ್ಲಿದೆ. ಸುದ್ದಿಯಾಗುವಂಥ ವೈರುಧ್ಯ ಇಲ್ಲಿಲ್ಲ. ಮ್ಯಾಟ್ರಿಕ್ಸ್‌ನ ಎರಡನೇ ಸಾಲಿನ ಮೊತ್ತ 1 ಆಗುತ್ತದಾ ಅಂತ ಪರೀಕ್ಷಿಸುವ ತಣ್ಣಗಿನ ಕೆಲಸ. ಆದರೆ ಅಳತೆಯ ಪ್ರತಿ ಹೆಜ್ಜೆಯನ್ನೂ ಒಬ್ಬರೇ ಮೊದಲಿಂದ ಕೊನೆವರೆಗೆ ಮುಟ್ಟಿ ನೋಡಬಹುದು.

ಯಾರಿಗೆ ಯಾವುದು

ಕೈಯಲ್ಲಿ ಒಂದು ವರ್ಷ, ಯಾವ ಪ್ರಯೋಗದಲ್ಲೂ ಸದಸ್ಯತ್ವ ಇಲ್ಲ ಅಂದರೆ ಡಿ-ಸ್ಟಾರ್ ಡೇಟಾಗೆ ಬಿಜಿಎಲ್ ಫಿಟ್ ಮಾಡಿ. ಅಥವಾ ಎಲ್ಲ ಅಳತೆಗಳನ್ನೂ ಕೂಡಿಸಿ ಯೂನಿಟರಿಟಿ ತ್ರಿಕೋನ ಫಿಟ್ ಮಾಡಿ. ಸಿಕೆಎಂ-ಫಿಟರ್ ಮತ್ತು ಯುಟಿ-ಫಿಟ್ ಗುಂಪುಗಳು ಇದನ್ನು ಬೇರೆ ಬೇರೆ ಸಂಖ್ಯಾಶಾಸ್ತ್ರದಿಂದ ಮಾಡುತ್ತವೆ, ಹೋಲಿಸಿ ನೋಡಲು ಆಗುತ್ತದೆ. ಐದು ವರ್ಷ ಇದೆ, ಪ್ರಯೋಗದಲ್ಲಿ ಜಾಗ ಇದೆ, ಡಿಟೆಕ್ಟರ್ ಕೆಲಸ ಇಷ್ಟ ಅಂದರೆ ಬೆಲ್-2ರಲ್ಲಿ ವಿ-ಸಿಬಿ. ನಿಧಾನದ ಪಯಾನ್ ಲೆಕ್ಕ ಸರಿಮಾಡಿದರೆ ಅದರ ಲಾಭ ಬೇರೆ ಎಷ್ಟೋ ಅಳತೆಗಳಿಗೆ ಸಿಗುತ್ತದೆ. ಉತ್ತರ ಬಂದ ಮೇಲೆ ಥಿಯರಿ ಬಗ್ಗೆ ವಾದ ಬೇಡ ಅನ್ನುವವರಿಗೆ ಎಲ್‌ಎಚ್‌ಸಿಬಿಯಲ್ಲಿ ಗಾಮಾ. ಕಂಪ್ಯೂಟರ್ ಮುಂದೆಯೇ ಕೂರುವ ಮನಸ್ಸಿದ್ದರೆ ಲ್ಯಾಟಿಸ್, ಅದರಲ್ಲೂ ಡಿ-ಸ್ಟಾರ್ ಇಳಿಜಾರು ಅಥವಾ ಬಿ-ಎಸ್ ಮಿಶ್ರಣ.

ವಿ-ಸಿಬಿ ಮತ್ತು ಗಾಮಾ ನಡುವೆಯೇ ತೂಗಾಡುತ್ತಿದ್ದರೆ, ಗುಂಪು ಸೇರುವ ಮೊದಲು ಎರಡು ಕಡೆಯೂ ಒಂದೇ ಮಾತು ಕೇಳಿ: ಇತ್ತೀಚಿನ ಪೇಪರ್‌ನ ಅನಿಶ್ಚಿತತೆ ಪಟ್ಟಿಯಲ್ಲಿ ಮೊದಲ ಸಾಲು ಯಾವುದು, ಅದರ ಮೇಲೆ ಈಗ ಯಾರು ಕೆಲಸ ಮಾಡುತ್ತಿದ್ದಾರೆ? ಯಾರೂ ಇಲ್ಲ, ಬಂದರೆ ನೀವೇ ಮಾಡಬಹುದು ಅಂತ ಅಂದರೆ ಆ ಗುಂಪು ಸೇರಿ. ಅದು ಲ್ಯಾಟಿಸ್‌ನವರ ಕೆಲಸ, ನಾವು ಕಾಯುತ್ತಿದ್ದೇವೆ ಅಂದರೆ ಇನ್ನೊಂದು ಕಡೆ ನೋಡಿ.